ಅತ್ತೆಯ ಎದೆಯೊಳಗಿನ ಸೆಲ್ಲು

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಅತ್ತೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ದೇವರ ಮನೆಯ ಹೊಸ್ತಿಲಿನ ಒಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ಹೊಸ್ತಿಲಿನ ಈಚೆ, ಬರಿ ನೆಲದ ಮೇಲೆ, ರಿಸ್ಟ್ ವಾಚ್ ಬಿಚ್ಚಿ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಉದ್ದಿನ ವಡೆಯ ಹಾಗೆ ನಡುವೆ ತೂತಿದ್ದ ಒಂದು ಮ್ಯಾಗ್ನೆಟ್ಟನ್ನು ಅತ್ತೆ ಎಡಹೆಗಲಿನ ಕೆಳಗೆ, ಚರ್ಮದಡಿಯಲ್ಲಿ ಪೇಸ್‌ಮೇಕರ್ ಉಬ್ಬಿಕೊಂಡಿದ್ದ ಜಾಗದ ಮೇಲೆ ಇಟ್ಟು, ಅದು ಜಾರದಂತೆ ಸೆರಗನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಎಡಗೈಯ ಎರಡು ಬೆರಳು ಕತ್ತಿನ ನಾಡಿಯ ಮೇಲೆ. ಬಲಗೈಯ ಹೆಬ್ಬೆರಳು ಅದೇ ಕೈಯ ಬೆರಳಿನ ಗೆಣ್ಣುಗಳ ಮೇಲೆ.

“ಸ್ಟಾರ್ಟ್” ಅನ್ನುತ್ತಿದ್ದೆ.

ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ನಡೆಯುತ್ತಿತ್ತು. ನಾಡಿಯ ಒಂದೊಂದು ಹೊಡೆತಕ್ಕೂ ತುಟಿ ಅಲುಗುತ್ತಿತ್ತು. ನಿಮಿಷ ತುಂಬಿದಾಗ “ಸ್ಟಾಪ್” ಅನ್ನುತ್ತಿದ್ದೆ. ಅತ್ತೆ ಕಣ್ಣು ತೆರೆದು “ಒಂಬತ್ತು ಹತ್ತು” ಅನ್ನುತ್ತಿದ್ದರು. ಅಂದರೆ ತೊಂಬತ್ತು. ನಾನು ಹಾಸನದ ಡಾಕ್ಟರಿಗೆ ಫೋನ್ ಮಾಡಿ ತೊಂಬತ್ತು ಎಂದು ತಿಳಿಸುತ್ತಿದ್ದೆ. “ವೆರಿ ಗುಡ್” ಎಂದು ಅವರು ಫೋನ್ ಇಡುತ್ತಿದ್ದರು. ಮೊದಮೊದಲು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ, ಆಮೇಲೆ ಮನೆಗೇ ಫೋನ್ ಬಂದ ಮೇಲೆ ಮನೆಯಿಂದ. ಹೇಳುವ ನಂಬರ್ ಮಾತ್ರ ಅದೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಅತ್ತೆ ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಾ ಅಲ್ಲೇ ಪಕ್ಕಕ್ಕೆ ವಾಲಿಕೊಂಡರು. ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಇಸಿಜಿ ನೋಡಿ, ಮೇಲಿನಿಂದ ಬರಬೇಕಾದ ಅಪ್ಪಣೆ ಹೃದಯದ ಕೆಳಗಿನ ಕೋಣೆಗಳಿಗೆ ತಲುಪುತ್ತಿಲ್ಲ, ಹಾರ್ಟ್ ಬ್ಲಾಕ್, ಈಗಲೇ ಮೈಸೂರಿಗೆ ಹೊರಡಿ ಎಂದರು. ದಾರಿಯುದ್ದಕ್ಕೂ ಅತ್ತೆಗೆ ಪ್ರಜ್ಞೆ ಬರುತ್ತಿತ್ತು, ಹೋಗುತ್ತಿತ್ತು. ಕಣ್ಣು ಬಿಟ್ಟು ನೋಡಿದಾಗ ಎದೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಕೂತಿತ್ತು, ಅದರಿಂದ ಹೊರಟ ತಂತಿ ರಕ್ತನಾಳದ ಒಳಗೇ ಹೃದಯಕ್ಕೆ ಇಳಿದಿತ್ತು. ಸೈನ್ ಹಾಕಿದವರು ನಮ್ಮವರು, ಅಂದರೆ ಅತ್ತೆಯ ಮಗ.

ಅತ್ತೆ ಕೇಳಿದ ಮೊದಲ ಪ್ರಶ್ನೆ, “ಅದು ಚರ್ಮದ್ದಾ?”

“ಅಲ್ಲ ಅತ್ತೆ. ಟೈಟೇನಿಯಂ. ಲೋಹ.”

“ಲೋಹ ಆದ್ರೆ ಸರಿ. ಲೋಹಕ್ಕೆ ಮೈಲಿಗೆ ಅಂಟಲ್ಲ. ಒಳಗೇನಿದೆ?”

“ಬ್ಯಾಟರಿ.”

“ಅದನ್ನ ಯಾವಾಗ ತುಂಬಿದ್ದಂತೆ?”

“ಯಾವುದೋ ದೇಶದಲ್ಲಿ, ಯಾವಾಗ್ಲೋ.”

“ಹಾಗಾದ್ರೆ ತಂಗಳು” ಎಂದು ಆ ಸ್ಥಿತಿಯಲ್ಲೂ ಮುಖ ಸಿಂಡರಿಸಿದರು. ರಾತ್ರಿ ಉಳಿದ ಅನ್ನವನ್ನೇ ಮುಟ್ಟದ ಹೆಂಗಸು, ಎಂಟೊಂಬತ್ತು ವರ್ಷ ಒಂದೇ ತಂಗಳಿನಲ್ಲಿ ಬದುಕಬೇಕಾಗಿ ಬಂತು.

ಆ ಬ್ಯಾಟರಿಯ ಸ್ವಭಾವವನ್ನು ಹಾಸನದ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್, ಸೈನ್ಸ್ ನನ್ನ ಸಬ್ಜೆಕ್ಟ್ ಅಲ್ಲ, ಆದರೂ ಅವರು ಹೇಳಿದ ರೀತಿಗೆ ಅರ್ಥವಾಯಿತು. ಡಬ್ಬಿ ಪೂರ್ತಿ ಸೀಲ್ ಆಗಿರುತ್ತದೆ, ಸೆಲ್ಲು ಮಾತ್ರ ತೆಗೆದು ಹಾಕಲು ಬರುವುದಿಲ್ಲ. ಬಲ ಕುಗ್ಗಿದಾಗ ಡಬ್ಬಿಯನ್ನೇ ಬದಲಿಸಬೇಕು. ಆದರೆ ಟಾರ್ಚಿನ ಸೆಲ್ಲಿನಂತೆ ಅದು ಒಂದು ದಿನ ಇದ್ದಕ್ಕಿದ್ದಂತೆ ಕೈಕೊಡುವುದಿಲ್ಲ. ಲಿಥಿಯಂ ಸೆಲ್ಲು ನಿಧಾನವಾಗಿ ಸೋಲುತ್ತದೆ, ಸೋಲುವ ಮೊದಲು ತಿಳಿಸುತ್ತದೆ. ಮೇಲೆ ಮ್ಯಾಗ್ನೆಟ್ ಇಟ್ಟರೆ ಡಬ್ಬಿ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನದೇ ತಾಳ ಹಾಕುತ್ತದೆ. ಆ ತಾಳ ನಿಮಿಷಕ್ಕೆ ತೊಂಬತ್ತು ಇದ್ದರೆ ಸೆಲ್ಲು ಗಟ್ಟಿ. ಎಂಬತ್ತರ ಹತ್ತಿರ ಬಂದರೆ ತಡಮಾಡದೆ ಬದಲಾಯಿಸಬೇಕು.

ಇದನ್ನು ನೋಡಿಸುವುದಕ್ಕೆ ಮೊದಲು ಹಾಸನಕ್ಕೆ ಹೋಗುತ್ತಿದ್ದೆವು. ಅತ್ತೆ ದಾರಿಯಲ್ಲಿ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಬಸ್ಸಿನ ಸೀಟಿಗೆ ಮೈ ತಾಗದಂತೆ ತುದಿಯಲ್ಲಿ ಕೂತು, ಹೋಗಿ ಬಂದು, ಬಾವಿಯ ನೀರು ತಲೆಯ ಮೇಲೆ ಸುರಿದುಕೊಂಡು, ಸಂಜೆಗೆ ಹಣ್ಣಾಗಿ ಮಲಗುತ್ತಿದ್ದರು. ಡಾಕ್ಟರಿಗೇ ಕನಿಕರ ಬಂತು. ಒಂದು ಮ್ಯಾಗ್ನೆಟ್ಟನ್ನು ನನ್ನ ಕೈಗೆ ಕೊಟ್ಟು, “ಟೀಚರ್, ನೀವೇ ತಿಂಗಳಿಗೊಮ್ಮೆ ನಾಡಿ ಎಣಿಸಿ ಫೋನ್ ಮಾಡಿ. ಇಲ್ಲಿಗೆ ವರ್ಷಕ್ಕೊಂದು ಸಲ ಬಂದರೆ ಸಾಕು” ಎಂದರು.

ನೀವೇ ಎಣಿಸಿ ಎಂದುಬಿಟ್ಟರು. ಅತ್ತೆಯನ್ನು ಮುಟ್ಟುವುದು ಹೇಗೆ?

ನಾಡಿ ನೋಡುವುದು ಬರಿ ಹೊಟ್ಟೆಯಲ್ಲಿ, ಬೆಳಿಗ್ಗೆ ಹೊತ್ತು. ಇದು ಪಂಡಿತರಾಗಿದ್ದ ತಮ್ಮ ತಂದೆಯಿಂದ ಅತ್ತೆ ಕಲಿತ ಪಾಠ, ಬದಲಾಯಿಸುವ ಮಾತೇ ಇಲ್ಲ. ಆದರೆ ಬೆಳಕು ಹರಿಯುವ ಮೊದಲೇ ಸ್ನಾನವಾಗಿ ಊಟ ಮುಗಿಯುವವರೆಗೂ ಅವರು ಮಡಿ. ನಾನು ಊರೆಲ್ಲ ತಿರುಗುವವಳು, ಮೈಲಿಗೆ. ಮದುವೆಯಾಗಿ ಈ ಮನೆಗೆ ಬಂದಾಗ, ಮೈಸೂರಿನ ಕಾನ್ವೆಂಟಿನಲ್ಲಿ ಓದಿದ್ದ ನನಗೆ ಇದೆಲ್ಲ ಅವಮಾನ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅತ್ತೆ ನನ್ನನ್ನು ಕರೆಯುತ್ತಿದ್ದುದೂ ‘ಕಾನ್ವೆಂಟು’ ಎಂದೇ. ‘ಕಾನ್ವೆಂಟು ಬಂತಾ ಸ್ಕೂಲಿಂದ?’ ಅದರಲ್ಲಿ ಕೊಂಕು ಎಷ್ಟು, ಸಲುಗೆ ಎಷ್ಟು ಎಂದು ಬೇರ್ಪಡಿಸುವುದನ್ನು ನಾನು ಎಷ್ಟೋ ವರ್ಷಗಳ ಹಿಂದೆಯೇ ಬಿಟ್ಟಿದ್ದೆ.

ಕೊನೆಗೆ ಅತ್ತೆಯೇ ದಾರಿ ಕಂಡುಕೊಂಡರು. ಮ್ಯಾಗ್ನೆಟ್ಟೂ ಲೋಹವೇ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರೆ ಮಡಿಗೆ ಬಂತು. ನಾಡಿ ತಾವೇ ಹಿಡಿದುಕೊಳ್ಳುವುದು, ಎಣಿಕೆ ತಮ್ಮದೇ, ಟೈಮ್ ಮಾತ್ರ ಕಾನ್ವೆಂಟಿನದು. ಡಾಕ್ಟರು ನಕ್ಕು ಒಪ್ಪಿದರು. ಹೀಗೆ ವರ್ಷಗಳು ಕಳೆದವು. ಕಡೆಯ ಎರಡು ವರ್ಷ ಹಾಸನಕ್ಕೆ ಹೋಗುವುದೂ ನಿಂತಿತ್ತು. ಒಂದು ಸಲ ನನ್ನ ಆಪರೇಷನ್ ಅಡ್ಡ ಬಂತು. ಇನ್ನೊಂದು ಸಲ ಡಾಕ್ಟರೇ, ನಂಬರ್ ಚೆನ್ನಾಗಿದೆಯಲ್ಲ, ಅಮ್ಮನಿಗೆ ಯಾಕೆ ತೊಂದರೆ ಕೊಡುತ್ತೀರಿ ಎಂದರು.

ಆ ದಿನಗಳ ನೆನಪು ಮಾಡಿಕೊಂಡರೆ ಮೊದಲು ನೆನಪಾಗುವುದು ಕಾಲು ನೋವು. ಬೆಳಿಗ್ಗೆ ಮನೆ, ಆಮೇಲೆ ಸ್ಕೂಲು, ಸಂಜೆ ಕರೆಕ್ಷನ್ನಿನ ಕಟ್ಟು. ನಮ್ಮವರು ಅರಕಲಗೂಡಿನ ಬ್ಯಾಂಕಿನಲ್ಲಿದ್ದರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ಮೂರೂ ಜನ ಸುಸ್ತಾದವರೇ, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆ ಆ ವರ್ಷ ತೀರಾ ನಿಧಾನವಾಗಿದ್ದರು. ಹೂ ಕಟ್ಟುತ್ತಾ ಅರ್ಧಕ್ಕೆ ಕೈ ನಿಲ್ಲಿಸುತ್ತಿದ್ದರು. ವಯಸ್ಸು ಎಂದುಕೊಂಡೆವು.

ಹಾಲು ತರುತ್ತಿದ್ದ ಪಕ್ಕದ ಹಳ್ಳಿಯ ಹೆಂಗಸು ಮಾತ್ರ ಒಂದು ದಿನ ಜಗಲಿಯ ಮೇಲೆ ಕೂತು ಕೇಳಿದಳು, “ಅವ್ವಾರೆ, ದೊಡ್ಡವ್ವಾರು ಯಾಕೆ ಇಂಗೆ ಸೊರಗವ್ರೆ? ಸೆಲ್ಲು ಗಿಲ್ಲು ಮುಗೀತಾ ಬಂತಾ?”

“ಇಲ್ಲ ಕಣೇ, ಲೆಕ್ಕ ಸರಿಯಾಗೇ ಇದೆ.”

“ಎಂಟೊರ್ಸದಿಂದ ಅದೇ ಸೆಲ್ಲಾ? ನಮ್ಮನೆ ಬ್ಯಾಟ್ರಿಗೆ ಆಕಿದ್ದು ಎಲ್ಡು ದಿಸಕ್ಕೇ ಕಣ್ ಮುಚ್ತದೆ ಕಣವ್ವ. ಅದೆಲ್ ಮಾರ್ತಾರೆ ಯೋಳಿ, ರಾತ್ರಿ ತ್ವಾಟಕ್ ಓಗಕೆ ನಮ್ಮೆಜಮಾನ್ರಿಗೂ ಒಂದ್ ಜೊತೆ ತರ್ಸವ.”

ಒಳಗಿನಿಂದ ಅತ್ತೆ, “ಅದಕ್ಕೆ ಮೊದ್ಲು ಎದೆ ಕುಯ್ಯಿಸ್ಕೋಬೇಕು ಅಂತ ಹೇಳು ನಿನ್ನ ಯಜಮಾನಂಗೆ” ಎಂದರು.

“ಅಯ್ಯೋ, ಬ್ಯಾಡ ಬುಡಿ. ಅವ್ನು ಮುಳ್ ಚುಚ್ಕಂಡ್ರೇನೇ ಊರೆಲ್ಲ ಒಂದ್ಮಾಡ್ತನೆ” ಎಂದು ಅವಳು ಎದ್ದು ಹೋದಳು.

ಆ ತಿಂಗಳ ಕೊನೆಗೆ ಚನ್ನರಾಯಪಟ್ಟಣದಲ್ಲಿ ದಾಯಾದಿಯೊಬ್ಬರು ತೀರಿಕೊಂಡರು. ಮಾವನವರ ಚಿಕ್ಕಪ್ಪನ ಮಗ, ನಾನು ಎರಡು ಮೂರು ಸಲ ನೋಡಿದ್ದೆ ಅಷ್ಟೆ. ನಮಗೆ ಹತ್ತು ದಿನದ ಸೂತಕ ಬಂತು. ದೇವರ ಮನೆಯ ಬಾಗಿಲು ಮುಚ್ಚಿತು. ಪೂಜೆ ಇಲ್ಲ, ಜಪ ಇಲ್ಲ. ಮನೆಯವರೆಲ್ಲರೂ ಒಂದೇ ಮೈಲಿಗೆಯಲ್ಲಿ ಇರುವಾಗ ಯಾರೂ ಯಾರನ್ನೂ ಮುಟ್ಟದೆ ಇರಬೇಕಾಗಿಲ್ಲ. ಆನೆಸ್ಟ್ ಆಗಿ ಹೇಳುತ್ತೇನೆ, ಸತ್ತವರಿಗೆ ಅಗೌರವವಲ್ಲ, ಸೂತಕವೆಂದರೆ ಅತ್ತೆಗೆ ಸಿಗುತ್ತಿದ್ದ ಒಂದೇ ಒಂದು ರಜೆ. ನಡುಮನೆಗೆ ಬಂದು, ನಮ್ಮ ಜೊತೆಯಲ್ಲೇ ಕೂತು ಊಟ ಮಾಡಿ, ಗೋಡೆಗೆ ಒರಗಿ ವಾರಪತ್ರಿಕೆ ಓದುತ್ತಿದ್ದರು.

ಆ ಸೂತಕದ ನಡುವೆ ತಿಂಗಳ ಮೊದಲ ಭಾನುವಾರ ಬಂತು. ನಾನು ವಾಚ್ ತಂದು ಕೂತೆ.

“ನನಗೆ ಈಗ ಎಣಿಸೋಕೆ ಬರಲ್ಲ ಕಣೇ” ಎಂದರು ಅತ್ತೆ. “ನಾನು ಒಂದು ಎರಡು ಅಂತ ಎಣಿಸ್ತೀನಿ ಅಂದ್ಕೊಂಡಿದ್ಯಾ? ನಾಡಿ ಒಂದು ಹೊಡೆತಕ್ಕೆ ಒಂದು ರಾಮನಾಮ. ಸೂತಕದಲ್ಲಿ ಗೆಣ್ಣು ಹಿಡಿದು ಜಪ ಮಾಡೋಹಾಗಿಲ್ಲ. ನೀನೇ ನೋಡು.”

ಮಣಿಕಟ್ಟು ಮುಂದೆ ಚಾಚಿದರು.

ಅಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದವರು ನಾವು. ಜ್ವರ ಬಂದಾಗ ಹಣೆ ಮುಟ್ಟಿದ್ದೇನೆ, ಬಸ್ ಹತ್ತಿಸುವಾಗ ತೋಳು ಹಿಡಿದಿದ್ದೇನೆ. ಆದರೆ ಬೆಳಗಿನ ಹೊತ್ತು, ಸುಮ್ಮನೆ ಕೂತು, ಅತ್ತೆಯ ಕೈ ಹಿಡಿದ ನೆನಪೇ ಇರಲಿಲ್ಲ. ಚರ್ಮ ತೆಳ್ಳಗೆ, ತಣ್ಣಗಿತ್ತು. ನಾಡಿ ನನ್ನ ಬೆರಳಿಗೆ ತಕ್ಷಣ ಸಿಕ್ಕಿತು. ಮ್ಯಾಗ್ನೆಟ್ ಇಟ್ಟುಕೊಂಡ ಕೂಡಲೇ ಅದು ಹೆಜ್ಜೆ ಬದಲಿಸಿ ಡ್ರಿಲ್ ಮಾಡುವ ಮಕ್ಕಳಂತೆ ಒಂದೇ ಸಮನೆ ನಡೆಯತೊಡಗಿತು. ಎಣಿಸಿದೆ. ಎಂಬತ್ತೆರಡು.

ತಪ್ಪಾಗಿರಬೇಕು ಎಂದು ಮತ್ತೆ ಎಣಿಸಿದೆ. ಎಂಬತ್ತೆರಡೇ.

“ಅತ್ತೆ, ಹೋದ ತಿಂಗಳು ಎಷ್ಟು ಹೇಳಿದ್ರಿ?”

“ಒಂಬತ್ತು ಹತ್ತು.”

“ನಾನು ಸ್ಟಾಪ್ ಅಂದಾಗ ನೀವು ಎಲ್ಲಿರ್ತೀರಿ?”

“ಎಲ್ಲಿರ್ತೀನಿ, ಹತ್ತರ ನಡುವೆ ಇರ್ತೀನಿ.”

“ನಿಲ್ಲಿಸಲ್ವಾ?”

ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಸಿಟ್ಟಲ್ಲ. ಇಷ್ಟೂ ಗೊತ್ತಿಲ್ಲವೇ ಎಂಬ ಬೆರಗು. “ಹತ್ತು ಮುಗಿಸದೆ ಬಿಡೋದುಂಟೇನೇ? ಹಿಡಿದ ಹತ್ತು ಮುಗಿಸಿ ಕಣ್ಣು ತೆಗೀತೀನಿ.”

ನನ್ನ ಕಾನ್ವೆಂಟಿನಲ್ಲಿ ಪರೀಕ್ಷೆಯ ಬೆಲ್ ಹೊಡೆದ ಕೂಡಲೇ ಸಿಸ್ಟರ್ ‘ಪೆನ್ಸ್ ಡೌನ್’ ಅನ್ನುತ್ತಿದ್ದರು. ಪದದ ನಡುವೆ ಇದ್ದರೂ ಪೆನ್ನು ಕೆಳಗಿಡಬೇಕು. ಸ್ಟಾಪ್ ಎಂದರೆ ನಿಲ್ಲುವುದು ಎಂಬುದನ್ನು ನಾನು ಯಾರಿಗೂ ಬಿಡಿಸಿ ಹೇಳಬೇಕು ಎಂದುಕೊಂಡಿರಲೇ ಇಲ್ಲ. ಅತ್ತೆಗೋ, ಎತ್ತಿಕೊಂಡ ಹತ್ತನ್ನು ಯಾರೋ ಸ್ಟಾಪ್ ಅಂದರೆಂದು ಅರ್ಧಕ್ಕೆ ಕೆಳಗಿಡುವುದು ಊಹೆಗೂ ಬಾರದ ಕೆಲಸ. ತೊಂಬತ್ತು ಇದ್ದಾಗಲೂ ತೊಂಬತ್ತು, ಎಂಬತ್ತೈದಕ್ಕೆ ಇಳಿದಾಗಲೂ ತೊಂಬತ್ತು. ಸೆಲ್ಲು ಸೋಲುತ್ತಾ ಬಂದಷ್ಟೂ ಅತ್ತೆ ತಮ್ಮ ಭಕ್ತಿಯಿಂದ ಅದರ ಕೊರತೆ ತುಂಬಿಕೊಡುತ್ತಾ ಬಂದಿದ್ದರು. ನಾನು ಅದನ್ನೇ ಫೋನಿನಲ್ಲಿ ಹೇಳುತ್ತಾ ಬಂದಿದ್ದೆ.

ಡಾಕ್ಟರಿಗೆ ಫೋನ್ ಮಾಡಿ ಎಂಬತ್ತೆರಡು ಎಂದೆ. ಅವರು “ನಾಳೆನೇ ಕರ್ಕೊಂಡ್ ಬನ್ನಿ. ಗಾಬರಿ ಬೇಡ, ಒಂದೆರಡು ತಿಂಗಳು ಟೈಮ್ ಇರುತ್ತೆ. ಆದ್ರೆ ಅದರ ಮೇಲೆ ಕಾಯೋದು ಬೇಡ” ಎಂದರು.

ಆ ಸಂಜೆ ನಮ್ಮವರು ಪೇಟೆಯಿಂದ ಬಂದು ಚಪ್ಪಲಿ ಬಿಚ್ಚುತ್ತಿರುವಾಗಲೇ ವಿಷಯ ಹೇಳಿದೆ. ಅತ್ತೆ ಗೋಡೆಗೆ ಒರಗಿದ್ದವರು, “ಹಾಸನಕ್ಕೆ ಬರ್ತೀನಿ. ಬದಲಾಯಿಸೋದು ಗಿದಲಾಯಿಸೋದು ಆಮೇಲಿನ ಮಾತು” ಎಂದರು.

“ಆಮೇಲೆ ಅಂದ್ರೆ ಏನಮ್ಮಾ?” ನಮ್ಮವರು ಕೇಳಿದರು.

“ಹೋದ ಸಲ ನನ್ನನ್ನ ಯಾರೂ ಕೇಳಲಿಲ್ಲ. ಕಣ್ಣು ಬಿಟ್ಟಾಗ ಡಬ್ಬಿ ಒಳಗಿತ್ತು. ಈ ಸಲ ಎಚ್ಚರವಾಗಿದೀನಲ್ಲ, ಯೋಚನೆ ಮಾಡ್ತೀನಿ. ಎಂಟು ವರ್ಷ ಹೆಚ್ಚಿಗೆ ಬಂತು. ಸಾಕು ಅನ್ಸತ್ತೆ ಕಣೋ.”

ನಮ್ಮವರು ನನ್ನ ಕಡೆ ನೋಡಿದರು. ಎಪ್ಪತ್ತೆಂಟು ದಾಟಿದ ಹೆಂಗಸು ಸಾಕು ಎಂದರೆ, ಅಲ್ಲ ಇನ್ನೂ ಬೇಕು ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆಂದು ಹೂಂ ಅನ್ನುವುದಕ್ಕೂ ಆಗಲಿಲ್ಲ.

ಹಾಸನದ ಕ್ಲಿನಿಕ್ಕಿನಲ್ಲಿ ಡಾಕ್ಟರು ಅತ್ತೆಯ ತೋರುಬೆರಳಿಗೆ ಒಂದು ಕ್ಲಿಪ್ ಸಿಕ್ಕಿಸಿದರು. ಬಟ್ಟೆಗೆ ಹಾಕುವ ಕ್ಲಿಪ್ಪಿನಂಥದ್ದು, ಒಳಗೆ ಕೆಂಪು ದೀಪ. ಬೆರಳಿನ ತುದಿಯೇ ಕೆಂಡದ ಹಾಗೆ ಕೆಂಪಗೆ ಹೊಳೆಯಿತು. ಅತ್ತೆ ಬೆರಳನ್ನು ಹತ್ತಿರ ತಂದು ನೋಡಿಕೊಂಡರು.

“ಇದೇನು, ಬೆರಳು ಉರೀತಿದೆ?”

“ಬೆಳಕು ಅಮ್ಮಾ, ಸುಡಲ್ಲ. ಈ ಕಡೆಯಿಂದ ಬೆಳಕು ಬಿಡುತ್ತೆ, ಆ ಕಡೆ ಎಷ್ಟು ಬಂತು ಅಂತ ನೋಡುತ್ತೆ. ಅದ್ರಲ್ಲೇ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಗೊತ್ತಾಗುತ್ತೆ.”

“ಮೈ ಒಳಗೆ ಬೆಳಕು ಹೋಗತ್ತಾ?”

“ಹೋಗುತ್ತೆ. ಕೆಂಪು ಬೆಳಕು ಮಾಂಸದಲ್ಲಿ ಸ್ವಲ್ಪ ದೂರ ಹೋಗುತ್ತೆ. ಅದಕ್ಕೇ ಹೊರದೇಶದಲ್ಲಿ ಈಗ ಪ್ರಯೋಗ ಮಾಡ್ತಿದಾರಂತೆ, ಚರ್ಮದ ಕೆಳಗೆ ಸಣ್ಣ ಸೋಲಾರ್ ಸೆಲ್ ಇಡೋದು, ಹೊರಗಿಂದ ಬೆಳಕು ಹಿಡಿದು ಬ್ಯಾಟರಿ ಚಾರ್ಜ್ ಮಾಡೋದು. ಆಗ ಎದೆ ಕುಯ್ಯೋದೇ ಬೇಡ.”

“ಸೋಲಾರ್ ಅಂದ್ರೆ ನಮ್ಮ ಎದುರುಮನೆ ಮಾಳಿಗೆ ಮೇಲೆ ನೀರು ಕಾಯಿಸೋಕೆ ಹಾಕಿಸಿದಾರಲ್ಲ, ಅದೇ?”

“ಅದರ ತಮ್ಮ ಅಂತ ಇಟ್ಕೊಳ್ಳಿ.”

“ಹಾಗಾದ್ರೆ ಎಣ್ಣೆ ಹಚ್ಕೊಂಡು ಬಿಸಿಲಲ್ಲಿ ಕೂತ್ರಾಯ್ತು” ಎಂದರು ಅತ್ತೆ. “ಆ ಸೆಲ್ಲು ಯಾವಾಗ ಬರತ್ತೆ?”

“ಅದು ಬರೋ ಹೊತ್ತಿಗೆ ನಾನೇ ಮುದುಕ ಆಗಿರ್ತೀನಿ.”

“ಹಾಗಾದ್ರೆ ನಿಮಗೇ ಆಯ್ತು.”

ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ, ಇನ್ನೂ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, “ಹಳೇದು ಬಿಚ್ಚಿ ಹೊಸದು ಸೇರಿಸೋ ತನಕ ನನ್ನ ಹೃದಯ ಯಾರು ನೋಡ್ಕೋತಾರೆ?” ಎಂದರು.

ಹೊರಗೆ ಒಂದು ಮೆಷಿನ್ ಇರುತ್ತದೆ, ತೊಡೆಯ ರಕ್ತನಾಳದಿಂದ ಒಂದು ತಂತಿ ಬಿಟ್ಟು ಅಷ್ಟು ಹೊತ್ತು ಅದರ ಕೈಯಲ್ಲಿ ಹೃದಯ ನಡೆಸುತ್ತಾರೆ ಎಂದು ಡಾಕ್ಟರು ವಿವರಿಸಿದರು. ಅತ್ತೆ ನನ್ನ ಕಡೆ ತಿರುಗಿದರು, ಅರ್ಥವಾಗಲಿಲ್ಲ ಎಂಬಂತೆ.

“ಇನ್‌ಚಾರ್ಜ್ ಹೆಡ್‌ಮಾಸ್ಟರ್ ಇರ್ತಾರಲ್ಲ ಅತ್ತೆ, ಹಾಗೆ” ಎಂದೆ.

“ನಿಮ್ಮ ಸ್ಕೂಲಿನ ಇನ್‌ಚಾರ್ಜ್ ಮೂರು ವರ್ಷ ಕೂತಿದ್ದ, ಏನೂ ಮಾಡ್ಲಿಲ್ಲ ಅಂತ ನೀನೇ ಬಯ್ತಿದ್ದೆ.”

ಕೊನೆಗೆ ಡಾಕ್ಟರು ಗಂಭೀರವಾಗಿ ಹೇಳಿದರು. ಈಗ ಆಗುತ್ತಿರುವ ನಿಧಾನ, ಕೈ ಸೋಲುವುದು, ಕೂತಲ್ಲೇ ಕೂರಬೇಕು ಅನ್ನಿಸುವುದು, ಇದರಲ್ಲಿ ವಯಸ್ಸಿನದೂ ಇರಬಹುದು, ಸೆಲ್ಲಿನದೂ ಇರಬಹುದು. ಬಲ ಉಳಿಸಿಕೊಳ್ಳಲು ಡಬ್ಬಿ ತಾನೇ ವೇಗ ಇಳಿಸಿಕೊಂಡಿದೆ. ಯಾವುದು ಎಷ್ಟು ಎಂದು ಈಗ ಹೇಳಲು ಬರುವುದಿಲ್ಲ.

ಹೊಳೆನರಸೀಪುರದ ಬಸ್ಸು ಆಗ ತಾನೇ ಹೋಗಿತ್ತು. ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಇಬ್ಬರೂ ಕೂತೆವು. ಸೂತಕವಲ್ಲವೇ, ಅತ್ತೆ ತುದಿಯಲ್ಲಿ ಕೂರದೆ ಬೆನ್ನು ಆನಿಸಿ ಕೂತಿದ್ದರು. ಹೊರಗಿನ ನೀರು ಮಾತ್ರ ಸೂತಕದಲ್ಲೂ ಕುಡಿಯುವವರಲ್ಲ, ಮನೆಯಿಂದ ತಂದ ಚೊಂಬು ಮಡಿಲಲ್ಲಿತ್ತು. ನಾನು ಕಾಫಿ ತಂದುಕೊಂಡೆ. ಕಟ್ಟಾಯದ ಕಡೆಯ ಬಸ್ಸೊಂದು ಬಂದು ಜನರನ್ನೆಲ್ಲ ಇಳಿಸಿ ಹೋಯಿತು. ಧೂಳು ಅಡಗಿದ ಮೇಲೆ ಅತ್ತೆ ಕೇಳಿದರು.

“ನಿನಗೆ ಸಾಕಾಗಿದೆಯೇನೇ?”

“ಯಾವುದು?”

“ಇದೇ. ನಾನು, ನನ್ನ ಮಡಿ, ಈ ಡಬ್ಬಿ, ತಿಂಗಳು ತಿಂಗಳು ಗಡಿಯಾರ ಹಿಡ್ಕೊಂಡು ಕೂರೋದು. ನಿಜ ಹೇಳು. ಕಾನ್ವೆಂಟಲ್ಲಿ ಸುಳ್ಳು ಹೇಳಬಾರದು ಅಂತ ಕಲಿಸಿರ್ತಾರಲ್ಲ.”

ಕಾಫಿ ಲೋಟ ಕೈಯಲ್ಲಿ ಬಿಸಿಯಾಗಿತ್ತು. ಒಳ್ಳೆಯ ಸೊಸೆಯ ಉತ್ತರ ನಾಲಗೆಯ ತುದಿಗೇ ಬಂದಿತ್ತು. ಅದನ್ನು ಹೇಳುವಷ್ಟು ಶಕ್ತಿ ಆ ದಿನ ನನ್ನಲ್ಲಿ ಇರಲಿಲ್ಲ.

“ಸುಸ್ತಾಗಿದೆ ಅತ್ತೆ” ಎಂದೆ. “ತುಂಬಾ ಸುಸ್ತಾಗಿದೆ. ಸಾಕಾಗಿಲ್ಲ.”

ಅತ್ತೆ ಚೊಂಬಿನ ಮುಚ್ಚಳ ತಿರುಗಿಸುತ್ತಾ ಹೇಳಿದರು.

“ಎರಡೂ ಬೇರೆ ಬೇರೆ ಅಂತ ನನಗೆ ಹೊಳೆದೇ ಇರಲಿಲ್ಲ ನೋಡು. ಬೆಳಿಗ್ಗೆ ಎದ್ದಾಗಿಂದ ಸಾಕು ಸಾಕು ಅನ್ಸತ್ತೆ. ಆದ್ರೆ ಡಾಕ್ಟ್ರು ಹೇಳೋದು ಕೇಳಿದ್ಮೇಲೆ, ಈ ಸಾಕು ಅನ್ನೋದು ನಂದೋ ಸೆಲ್ಲಿಂದೋ ಅಂತ ಅನುಮಾನ ಬರ್ತಿದೆ.”

ನಾನು ಕಾಫಿಯ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟೆ.

“ಯಾರೋ ಮಾಡಿದ ಸೆಲ್ಲು ಸೋತಿದ್ದಕ್ಕೆ ನಾನ್ಯಾಕೆ ಸೋತೆ ಅನ್ನಲಿ?” ಎಂದರು. “ಹಾಕಿಸಿಬಿಡಿ. ಹೊಸದು ಹಾಕಿಸ್ಕೊಂಡು ನೋಡ್ತೀನಿ. ಆಮೇಲೂ ಸಾಕು ಅನ್ಸಿದ್ರೆ ಆಗ ಅದು ನಂದು. ಆಗ ನೀವ್ಯಾರೂ ಮಾತಾಡೋ ಹಾಗಿಲ್ಲ.”

“ಆಗಲಿ ಅತ್ತೆ.”

“ಮಗನಿಗೂ ಹೇಳಿಡು.”

ಆ ರಾತ್ರಿ ಕರೆಂಟು ಹೋಗಿತ್ತು. ಮಲಗುವ ಮೊದಲು ನೋಡಿದರೆ, ಅತ್ತೆ ನಡುಮನೆಯ ಹಾಸಿಗೆಯ ಮೇಲೆ ಕೂತು ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ, ಬೆರಳ ಸಂದುಗಳು ಕೆಂಪಾಗುವುದನ್ನು ನೋಡುತ್ತಿದ್ದರು. ನನ್ನನ್ನು ಕಂಡು ಟಾರ್ಚ್ ಆರಿಸಿದರು. “ಸೆಲ್ಲು ಖರ್ಚಾಗತ್ತೆ” ಎಂದರು, ಯಾರೋ ಗದರಿಸಿದ ಹಾಗೆ.

ಸೂತಕ ಕಳೆದು ಶುದ್ಧವಾದ ಮೇಲೆ ಮೈಸೂರಿಗೆ ಹೋದೆವು. ಆಪರೇಷನ್ ದೊಡ್ಡದೇನಲ್ಲ. ಹಳೆಯ ಗಾಯದ ಮೇಲೆಯೇ ಕುಯ್ದು, ಹಳೆಯ ತಂತಿಗೇ ಹೊಸ ಡಬ್ಬಿ ಸೇರಿಸಿ ಹೊಲಿದರು. ಈ ಸಲದ್ದು ಹಿಂದಿನದಕ್ಕಿಂತ ಸಣ್ಣದು, ತೆಳ್ಳಗಿತ್ತು. ಫಾರಂಗೆ ಅತ್ತೆಯೇ ಸೈನ್ ಹಾಕಿದರು. ಒಂದೊಂದು ಅಕ್ಷರವನ್ನೂ ಬಿಡಿಸಿ, ಗಟ್ಟಿಯಾಗಿ ಒತ್ತಿ ಬರೆದರು. ಬರೆದು ಮುಗಿಸಿ ಪೆನ್ನನ್ನು ನನ್ನ ಕೈಗೆ ಕೊಡುವಾಗ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಗಟ್ಟಿಯಾದ ಒಂದು ಸಮಾಧಾನ ಇತ್ತು.

ಊರಿಗೆ ಬಂದ ಮೇಲೆ ಒಂದು ಬದಲಾವಣೆ ಆಯಿತು. ಅದನ್ನು ಯಾರೂ ಚರ್ಚೆ ಮಾಡಿ ತೀರ್ಮಾನಿಸಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ನಾನು ಎದ್ದು ಬರುವ ಹೊತ್ತಿಗೆ ಅತ್ತೆ ಇನ್ನೂ ಸ್ನಾನ ಮಾಡಿರಲಿಲ್ಲ. ಬಚ್ಚಲ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು, ಹಂಡೆಯ ನೀರು ಕಾದಿತ್ತು. ರಾತ್ರಿಯ ಸೀರೆಯಲ್ಲೇ ಬಚ್ಚಲ ಮುಂದಿನ ಕಟ್ಟೆಯ ಮೇಲೆ ಕೂತು, ಮ್ಯಾಗ್ನೆಟ್ ಇಟ್ಟುಕೊಂಡು, ಮಣಿಕಟ್ಟು ಚಾಚಿ ಕಾಯುತ್ತಿದ್ದರು.

“ಮೈಲಿಗೇಲೇ ಎಣಿಸಿಬಿಡು” ಎಂದರು. “ಹತ್ತು ಮುಗಿಸೋ ಗೋಜು ನಿನಗಿಲ್ಲವಲ್ಲ.”

ಅಂದಿನಿಂದ ಹಾಗೇ ನಡೆಯಿತು. ಅವರ ಮಡಿ ಒಂದೆಳೆಯೂ ಸಡಿಲವಾಗಲಿಲ್ಲ, ಉಳಿದ ದಿನವೆಲ್ಲ ನಾನು ಹೊಸ್ತಿಲಿನ ಈಚೆಯವಳೇ. ತಿಂಗಳಿಗೊಂದು ಬೆಳಿಗ್ಗೆ, ನೀರು ಕಾಯುವಷ್ಟು ಹೊತ್ತು ಮಾತ್ರ ಅವರ ಕೈ ನನ್ನ ಕೈಯಲ್ಲಿ ಇರುತ್ತಿತ್ತು. ಹೂ ಕಟ್ಟುವಾಗ ಅತ್ತೆಯ ಬೆರಳು ಮತ್ತೆ ಓಡತೊಡಗಿತ್ತು. ರಂಗೋಲಿಯ ಎಳೆ ನೆಟ್ಟಗಾಗಿತ್ತು. ನನ್ನ ಸುಸ್ತು ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಆರೇಳು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಎಣಿಸಿ ಮುಗಿಸಿದ ಮೇಲೆ ಕೇಳಿದೆ.

“ಅತ್ತೆ, ಈಗ ಸಾಕು ಅನ್ಸತ್ತಾ?”

ಕೇಳಬಾರದಿತ್ತೇನೋ ಎಂದು ಕೇಳಿದ ಮೇಲೆ ಅನ್ನಿಸಿತು. ಅತ್ತೆ ಒಲೆಯಲ್ಲಿ ಆರುತ್ತಿದ್ದ ಕೆಂಡವನ್ನೇ ನೋಡುತ್ತಾ, ಹಸಿವಾಗಿದೆಯೇ ಎಂದು ಕೇಳಿದ್ದಕ್ಕೆ ಉತ್ತರ ಕೊಡುವವರ ಹಾಗೆ ಯೋಚಿಸಿ ಹೇಳಿದರು.

“ಬೆಳಿಗ್ಗೆ ಹೊತ್ತು ಅನ್ಸಲ್ಲ ಕಣೇ. ಮಧ್ಯಾಹ್ನದ ಮೇಲೆ ಅನ್ಸತ್ತೆ. ಅದು ನಂದೇ.”

ಈಗ ನನಗೂ ಆ ವಯಸ್ಸು ಹತ್ತಿರವಾಗುತ್ತಿದೆ. ನನ್ನ ಎದೆಯಲ್ಲಿ ಯಾವ ಡಬ್ಬಿಯೂ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಪುಸ್ತಕ ಮಡಿಲಲ್ಲೇ ಮಗುಚಿಕೊಂಡು, ಕಿಟಕಿಯ ಬಿಸಿಲು ಕಾಲ ಮೇಲಿಂದ ಗೋಡೆಗೆ ಏರುವುದನ್ನು ನೋಡುತ್ತಾ ಕೂತಾಗ, ಈ ಸಾಕು ಅನ್ನುವುದು ನನ್ನದೇ ಎಂದು ಒಪ್ಪಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿ ಇಲ್ಲ. ಬೆಳಿಗ್ಗೆ ಅನ್ನಿಸುವುದಿಲ್ಲ. ಅಷ್ಟರ ಮಟ್ಟಿಗೆ ಸರಿಯಾಗಿದೆ.

ಆ ಭಾನುವಾರ ಅವರು ಹಾಗೆಂದಾಗ ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು, ವಾಚನ್ನು ಕೆಳಗಿಟ್ಟಿದ್ದೆ, ಆದರೂ ಬೆರಳುಗಳು ಅವರ ನಾಡಿಯ ಮೇಲೆಯೇ ಇದ್ದವು.

“ಕೈ ಬಿಡೇ” ಎಂದರು ಅತ್ತೆ. “ನೀರು ಆರ್ತಿದೆ.”